ಗಿನಿಪಿಗ್‌ಗಳ ಮೂತ್ರದ ತೊಂದರೆ ಮತ್ತು ಪಶುವೈದ್ಯರ ಭೇಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಲ, ಲವ್ ಬರ್ಡ್ಸ್ ಮಾರುವ ಅಂಗಡಿಗಳಲ್ಲೇ ಗಿನಿಪಿಗ್‌ಗಳೂ ಸಿಗುತ್ತವೆ. ಆದರೆ ಕೊಳ್ಳುವಾಗ ಅವುಗಳ ಮೂತ್ರದ ವಿಚಾರವನ್ನು ಯಾರೂ ಎತ್ತುವುದಿಲ್ಲ. ನಡುವಯಸ್ಸು ದಾಟಿದ ಗಿನಿಪಿಗ್‌ಗಳನ್ನು ಆಸ್ಪತ್ರೆಗೆ ಒಯ್ಯಬೇಕಾಗಿ ಬರುವ ಕಾರಣಗಳಲ್ಲಿ ಹಲ್ಲಿನ ತೊಂದರೆಯ ಜೊತೆಗೆ ಮೂತ್ರಕೋಶದ ಕಲ್ಲು ಮತ್ತು ಸೋಂಕು ಮುಖ್ಯವಾದವು. ಕೆಳಗಿನ ಉತ್ತರಗಳನ್ನು ಸಾಕುವವರ ದೃಷ್ಟಿಯಿಂದ ಬರೆಯಲಾಗಿದೆ. ಔಷಧದ ಪ್ರಮಾಣವನ್ನು ಪ್ರಾಣಿಯನ್ನು ಕಣ್ಣಾರೆ ನೋಡಿದ ವೈದ್ಯರೇ ಹೇಳಬೇಕಾದ್ದರಿಂದ ಅದನ್ನು ಇಲ್ಲಿ ಕೊಟ್ಟಿಲ್ಲ.

ಮೂತ್ರ ಹಾಲು ಬೆರೆಸಿದ ನೀರಿನಂತಿದೆ, ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಇದು ರೋಗವೇ?

ಸಾಮಾನ್ಯವಾಗಿ ಅಲ್ಲ. ನಾಯಿ, ಬೆಕ್ಕು, ಮನುಷ್ಯರ ದೇಹ ಆಹಾರದ ಕ್ಯಾಲ್ಸಿಯಂ ಅನ್ನು ಅಗತ್ಯಕ್ಕೆ ತಕ್ಕಷ್ಟು ಹೀರಿಕೊಂಡು ಉಳಿದುದನ್ನು ಮಲದಲ್ಲಿ ಬಿಡುತ್ತದೆ. ಗಿನಿಪಿಗ್‌ನ ಕರುಳು ಅಗತ್ಯಕ್ಕಿಂತ ಹೆಚ್ಚಾಗಿಯೇ ಹೀರಿಕೊಳ್ಳುತ್ತದೆ. ಮಿಕ್ಕಿದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳ ಪಾಲಿಗೆ ಬರುತ್ತದೆ. ಜೊತೆಗೆ ಅದರ ಮೂತ್ರ ಕ್ಷಾರೀಯವಾದದ್ದು, ಆರೋಗ್ಯವಂತ ಪ್ರಾಣಿಯಲ್ಲೂ ಪಿಎಚ್ ಸಾಮಾನ್ಯವಾಗಿ 8ರಿಂದ 9ರ ನಡುವೆ ಇರುತ್ತದೆ. ಇಂಥ ಮೂತ್ರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನಿಲ್ಲದೆ ಸೂಕ್ಷ್ಮ ಹರಳುಗಳಾಗಿ ತೇಲುವುದರಿಂದ ಮಸುಕು ಕಾಣಿಸುತ್ತದೆ.

ಒಣಗಿದ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗಿದ್ದರೆ ಚಿಂತೆಯಿಲ್ಲ. ರಂಗೋಲಿ ಪುಡಿಯಂತೆ ತರಿತರಿಯಾಗಿದ್ದರೆ, ಅಥವಾ ಮೂತ್ರವೇ ಸುಣ್ಣದ ಗಂಜಿಯಂತೆ ದಪ್ಪಗೆ ಬರುತ್ತಿದ್ದರೆ, ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು.

ಹಾಸಿನ ಮೇಲೆ ಕೆಂಪು ಕಲೆ ಕಂಡಿದೆ. ರಕ್ತವೇ ಇರಬೇಕೆ?

ಇರಲೇಬೇಕೆಂದಿಲ್ಲ. ಸಸ್ಯಾಹಾರದಿಂದ ಬರುವ ಕೆಲವು ವರ್ಣದ್ರವ್ಯಗಳು ಮೂತ್ರಕ್ಕೆ ಕಿತ್ತಳೆ, ಕಂದು, ಕೆಲವೊಮ್ಮೆ ಇಟ್ಟಿಗೆಯ ಕೆಂಪನ್ನು ಕೊಡುತ್ತವೆ. ಹಿಂದಿನ ದಿನ ಬೀಟ್‌ರೂಟ್ ತಿನ್ನಿಸಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ. ಮೂತ್ರ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಬಣ್ಣ ಗಾಢವಾಗುವುದೂ ಉಂಟು. ಆದರೆ ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸಲು ಹೋಗಬಾರದು. ಮೂತ್ರದಲ್ಲಿ ಅದ್ದಿ ತೆಗೆಯುವ ಪರೀಕ್ಷಾ ಪಟ್ಟಿ ಒಂದೆರಡು ನಿಮಿಷದಲ್ಲಿ ರಕ್ತವಿದೆಯೋ ಇಲ್ಲವೋ ಹೇಳಿಬಿಡುತ್ತದೆ, ಮತ್ತು ಅದು ಸಾಮಾನ್ಯ ಪ್ರಯೋಗಾಲಯಗಳಲ್ಲೂ ಇರುತ್ತದೆ.

ರಕ್ತವೇ ಎಂದು ಖಚಿತವಾದ ಮೇಲೂ ಅದು ಮೂತ್ರಕೋಶದ್ದೇ ಎಂದು ಹೇಳಲಾಗದು. ಹೆಣ್ಣು ಗಿನಿಪಿಗ್‌ಗಳಲ್ಲಿ ಗರ್ಭಕೋಶದ ಗೆಡ್ಡೆ, ಸೋಂಕು ಮತ್ತು ಅಂಡಾಶಯದ ನೀರುಗುಳ್ಳೆಗಳು ಸಾಮಾನ್ಯ. ಗರ್ಭಕೋಶದಿಂದ ಇಳಿದ ರಕ್ತ ಮೂತ್ರದೊಂದಿಗೆ ಬೆರೆತು ಕಾಣಿಸಬಹುದು. ಗಿನಿಪಿಗ್‌ಗಳಿಗೆ ಮನುಷ್ಯರಂತೆ ಮುಟ್ಟು ಇಲ್ಲ. ಆದ್ದರಿಂದ "ಹೆಣ್ಣಲ್ಲವೇ, ಆ ದಿನಗಳಿರಬೇಕು" ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಇದಲ್ಲದೆ ಯಾವ ಲಕ್ಷಣಗಳನ್ನು ಗಮನಿಸಬೇಕು?

ಮೂತ್ರ ಅಥವಾ ಹಿಕ್ಕೆ ಹಾಕುವಾಗ ಕೀರಲು ದನಿಯಲ್ಲಿ ನರಳುವುದು ಬಹಳ ಸ್ಪಷ್ಟವಾದ ಸೂಚನೆ. ತರಕಾರಿ ಚೀಲದ ಸದ್ದು ಕೇಳಿ "ವೀಕ್ ವೀಕ್" ಎಂದು ಕೂಗುವ ಖುಷಿಯ ದನಿಗೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ. ಬೆನ್ನು ಗೂನು ಮಾಡಿ ಕೂರುವುದು, ಪದೇ ಪದೇ ಪ್ರಯತ್ನಿಸಿ ಹನಿ ಹನಿಯಾಗಿ ಮೂತ್ರ ಮಾಡುವುದು, ಹಿಂಭಾಗದ ಕೂದಲು ಒದ್ದೆಯಾಗಿ ನಾರುವುದು, ಹಲ್ಲು ಕಡಿಯುವುದು, ರೋಮ ಉಬ್ಬಿಸಿಕೊಂಡು ಮೂಲೆ ಸೇರುವುದು ಇತರ ಲಕ್ಷಣಗಳು.

ಗಿನಿಪಿಗ್ ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ನೋವು ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಹಳ ದೂರ ಬಂದಿರುತ್ತದೆ. ಅದಕ್ಕೂ ಮೊದಲೇ ಸುಳಿವು ಕೊಡುವುದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬವಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತದೆ. 1000 ಗ್ರಾಂ ಇದ್ದದ್ದು 900ಕ್ಕೆ ಇಳಿದರೆ ಬೇರೆ ಯಾವ ಲಕ್ಷಣವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲು ಅದೊಂದೇ ಕಾರಣ ಸಾಕು.

ಎಷ್ಟು ತುರ್ತು? ಸೋಮವಾರದವರೆಗೆ ಕಾಯಬಹುದೇ?

ಮೂತ್ರ ಪೂರ್ತಿ ನಿಂತಿದ್ದರೆ ಒಂದು ಗಂಟೆಯೂ ಕಾಯಬಾರದು. ಗಂಡಿನ ಮೂತ್ರನಾಳ ಉದ್ದವೂ ಕಿರಿದೂ ಆಗಿರುವುದರಿಂದ ಅಲ್ಲಿ ಕಲ್ಲು ಸಿಕ್ಕಿಕೊಂಡು ದಾರಿ ಮುಚ್ಚಿಹೋಗುವ ಸಂಭವ ಹೆಚ್ಚು. ಹಾಗಾದಾಗ ಮೂತ್ರಕೋಶ ಬಿರಿಯಬಹುದು, ಮೂತ್ರಪಿಂಡಗಳು ಕೈಕೊಡಬಹುದು. ಹೆಣ್ಣಿನಲ್ಲಿ ನಾಳ ಗಿಡ್ಡ. ಸಣ್ಣ ಕಲ್ಲುಗಳು ಕೆಲವೊಮ್ಮೆ ತಾವಾಗಿಯೇ ಹೊರಬೀಳುತ್ತವೆ, ಆದರೆ ಆ ದ್ವಾರ ಗುದದ್ವಾರಕ್ಕೆ ಹತ್ತಿರವಿರುವುದರಿಂದ ಸೋಂಕಿನ ಕಾಟ ಅಲ್ಲಿ ಹೆಚ್ಚು.

ಅನ್ನಾಹಾರ ಬಿಟ್ಟಿದ್ದರೆ ಅದೂ ತುರ್ತೇ. ಗಿನಿಪಿಗ್‌ನ ಕರುಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕಾದ ಯಂತ್ರ. ನೋವಿನಿಂದ ಹುಲ್ಲು ಮುಟ್ಟದೆ ಹನ್ನೆರಡು ಗಂಟೆ ಕಳೆದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಕಲ್ಲಿನಿಂದ ಸಾಯದ ಪ್ರಾಣಿ ಹಸಿವಿನಿಂದ ಸಾಯುವ ಸ್ಥಿತಿ ಬರುತ್ತದೆ. ಚೆನ್ನಾಗಿ ತಿನ್ನುತ್ತಾ ಓಡಾಡಿಕೊಂಡಿದ್ದು, ಮೂತ್ರ ಮಾಡುವಾಗ ಮಾತ್ರ ಒಮ್ಮೊಮ್ಮೆ ಕೀರಲುತ್ತಿದ್ದರೆ, ಮರುದಿನದ ಭೇಟಿ ಸಾಕು. ಮುಂದಿನ ವಾರ ಎಂಬುದು ಯಾವ ಸಂದರ್ಭಕ್ಕೂ ಹೊಂದುವುದಿಲ್ಲ.

ಯಾವ ವೈದ್ಯರ ಬಳಿಗೆ ಹೋಗಬೇಕು?

ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳು ದನ, ಎಮ್ಮೆ, ಕುರಿ, ಕೋಳಿಗಳ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡವು. ನಗರದ ಖಾಸಗಿ ಕ್ಲಿನಿಕ್‌ಗಳು ಬಹುಮಟ್ಟಿಗೆ ನಾಯಿ ಬೆಕ್ಕುಗಳವು. ಇದು ಯಾರ ತಪ್ಪೂ ಅಲ್ಲ, ಆದರೆ ಸಾಕುವವರು ತಿಳಿದಿರಬೇಕಾದ ಸಂಗತಿ. ಆದ್ದರಿಂದ ಪ್ರಾಣಿ ಆರೋಗ್ಯವಾಗಿರುವಾಗಲೇ ಮೊಲ, ಗಿನಿಪಿಗ್, ಪಕ್ಷಿಗಳನ್ನು ನೋಡುವ ವೈದ್ಯರು ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ನಗರದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿಟ್ಟುಕೊಳ್ಳಿ. ಇಂಥವರು ಸಾಮಾನ್ಯವಾಗಿ "ಎಕ್ಸಾಟಿಕ್ ಪೆಟ್ಸ್" ಎಂಬ ಹೆಸರಿನಲ್ಲಿ ಗುರುತಿಸಿಕೊಳ್ಳುತ್ತಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿರುವ ಕನ್ನಡಿಗರೂ ಇದೇ ಹೆಸರಿನಿಂದ ಹುಡುಕಬೇಕು. ಖಾಸಗಿ ವ್ಯವಸ್ಥೆ ಸಿಗದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ವಿಚಾರಿಸಬಹುದು. ಹೊರಡುವ ಮೊದಲು ಹೊರರೋಗಿ ವಿಭಾಗದ ಸಮಯ ಕೇಳಿಕೊಳ್ಳಿ.

ಫೋನಿನಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕಷ್ಟು ತಿಳಿಯುತ್ತದೆ. "ಡಾಕ್ಟ್ರೇ, ಗಿನಿಪಿಗ್‌ಗೆ ಮೊದಲು ಚಿಕಿತ್ಸೆ ಮಾಡಿದ್ದೀರಾ? ಸೋಂಕಿದ್ದರೆ ಯಾವ ಆ್ಯಂಟಿಬಯೋಟಿಕ್ ಕೊಡುತ್ತೀರಿ? ಆಪರೇಷನ್‌ಗೆ ಮುಂಚೆ ರಾತ್ರಿಯಿಡೀ ಉಪವಾಸ ಇಡಬೇಕೆ?" ಮೂರನೆಯದಕ್ಕೆ "ಹೌದು, ಏನೂ ತಿನ್ನಿಸಬೇಡಿ" ಎಂಬ ಉತ್ತರ ಬಂದರೆ ಬೇರೊಬ್ಬರನ್ನು ಹುಡುಕುವುದು ಕ್ಷೇಮ. ಗಿನಿಪಿಗ್ ವಾಂತಿ ಮಾಡಲಾರದು. ನಾಯಿಗೆ ಹೇಳುವ ಉಪವಾಸ ಇದಕ್ಕೆ ಅನ್ವಯಿಸುವುದಿಲ್ಲ, ಕೆಡುಕನ್ನೇ ಮಾಡುತ್ತದೆ.

ಆಸ್ಪತ್ರೆಗೆ ಹೇಗೆ ಕರೆದೊಯ್ಯಬೇಕು?

ಗಾಳಿಯಾಡುವ ಗಟ್ಟಿ ಪೆಟ್ಟಿಗೆ ಅಥವಾ ಬೆಕ್ಕಿನ ಕ್ಯಾರಿಯರ್, ಕೆಳಗೆ ಹಳೆಯ ಟವೆಲ್, ಒಂದು ಹಿಡಿ ಹುಲ್ಲು, ಒಂದು ತುಂಡು ಸೌತೆಕಾಯಿ ಇಷ್ಟಿದ್ದರೆ ಸಾಕು. ಜೊತೆಗಾರ ಗಿನಿಪಿಗ್ ಇದ್ದರೆ ಅದನ್ನೂ ಕರೆದೊಯ್ಯುವುದರಿಂದ ರೋಗಿಗೆ ಧೈರ್ಯ ಬರುತ್ತದೆ. ಬಿಸಿಲು ಇವಕ್ಕೆ ಆಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಹೊರಡಿ, ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ. ಕಾಯುವ ಕೊಠಡಿಯಲ್ಲಿ ನಾಯಿಗಳಿದ್ದರೆ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ, ಮಡಿಲಲ್ಲಿ ಇಟ್ಟುಕೊಳ್ಳಿ.

ಮೂತ್ರದ ಮಾದರಿ ಒಯ್ದರೆ ಉಪಯೋಗವಾಗುತ್ತದೆ. ಹಾಸು ತೆಗೆದ ಸ್ವಚ್ಛ ಪ್ಲಾಸ್ಟಿಕ್ ತಟ್ಟೆಯಲ್ಲಿ ಪ್ರಾಣಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಬಿದ್ದ ಮೂತ್ರವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಕೆಂಪು ಕಲೆಯ ಚಿತ್ರ, ನರಳುವಾಗಿನ ವಿಡಿಯೋ, ತೂಕದ ಪಟ್ಟಿ ಇವೆಲ್ಲ ಫೋನಿನಲ್ಲಿರಲಿ. ವೈದ್ಯರ ಮೇಜಿನ ಮೇಲೆ ಗಿನಿಪಿಗ್ ಏನೂ ಆಗಿಲ್ಲವೆಂಬಂತೆ ಕಲ್ಲಾಗಿ ಕೂತುಬಿಡುತ್ತದೆ. ಆಗ ಅದರ ಪರವಾಗಿ ಮಾತನಾಡುವುದು ಆ ವಿಡಿಯೋ.

ವೈದ್ಯರು ಯಾವ ಪರೀಕ್ಷೆಗಳನ್ನು ಮಾಡುತ್ತಾರೆ? ಎಕ್ಸ್‌ರೇ ಬೇಕೇ ಬೇಕೆ?

ಹೊಟ್ಟೆಯನ್ನು ಮೆಲ್ಲಗೆ ಅಮುಕಿ ನೋಡುವುದು, ಮೂತ್ರ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್, ಮೂತ್ರಪಿಂಡಗಳ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆ ಇವು ಮುಖ್ಯವಾದವು. ಸೋಂಕಿಗೆ ಯಾವ ಔಷಧ ನಾಟುತ್ತದೆಂದು ತಿಳಿಯಬೇಕಾದರೆ ತಟ್ಟೆಯಲ್ಲಿ ಬಿದ್ದ ಮೂತ್ರ ಸಾಲದು. ಸಣ್ಣ ಸೂಜಿಯಿಂದ ಮೂತ್ರಕೋಶದಿಂದಲೇ ನೇರವಾಗಿ ತೆಗೆದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸಬೇಕು.

ಎಕ್ಸ್‌ರೇ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ, ಅದರಲ್ಲೂ ಮೊದಲ ಭೇಟಿಯಲ್ಲೇ. ಗಿನಿಪಿಗ್‌ನ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್‌ನವಾದ್ದರಿಂದ ಅವು ಎಕ್ಸ್‌ರೇಯಲ್ಲಿ ಮೂಳೆಯಷ್ಟೇ ಬೆಳ್ಳಗೆ ಹೊಳೆಯುತ್ತವೆ. ಕಲ್ಲೂ ಸೋಂಕೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಜೊತೆಗೇ ಇರುವುದೂ ಉಂಟು. ನಮ್ಮ ಮನೆಯ ಹೆಣ್ಣು ಗಿನಿಪಿಗ್‌ಗೆ ಒಂದು ಕಡೆ ಎಕ್ಸ್‌ರೇ ಇಲ್ಲದೆ ಎರಡು ವಾರ ಆ್ಯಂಟಿಬಯೋಟಿಕ್ ನಡೆಯಿತು. ಔಷಧ ಕೊಟ್ಟಾಗ ತಗ್ಗುವ, ನಿಲ್ಲಿಸಿದಾಗ ಮರಳುವ ನೋವನ್ನು ನೋಡಿ ಸೋಂಕು ಹಟಮಾರಿಯೆಂದು ನಾವೂ ನಂಬಿದೆವು. ಬೇರೆಡೆ ಎಕ್ಸ್‌ರೇ ತೆಗೆದಾಗ ತೊಗರಿ ಕಾಳಿನಷ್ಟು ದೊಡ್ಡ ಕಲ್ಲು ಕಂಡಿತು. ಆ ಎರಡು ವಾರದಲ್ಲಿ ಅದರ ತೂಕ 130 ಗ್ರಾಂ ಇಳಿದಿತ್ತು. ಅಂದು ಎಕ್ಸ್‌ರೇ ಬೇಕೆಂದು ನಾವು ಬಾಯಿಬಿಟ್ಟು ಕೇಳಲಿಲ್ಲ ಎಂಬುದೂ ನಿಜ.

ಎಕ್ಸ್‌ರೇ ತೆಗೆಯುವಾಗ ಹೊಟ್ಟೆಯಷ್ಟೇ ಅಲ್ಲದೆ ಹಿಂಭಾಗದ ಕಟ್ಟಕಡೆಯವರೆಗೂ ಚಿತ್ರದಲ್ಲಿ ಬರಬೇಕು. ನಾಳದ ತುದಿಯಲ್ಲಿ ಸಿಕ್ಕಿದ ಕಲ್ಲು ಚಿತ್ರದ ಅಂಚಿನಿಂದ ಆಚೆ ಉಳಿದು ತಪ್ಪಿಹೋಗುವುದುಂಟು. ನೇರವಾಗಿ ಒಂದು, ಮಗ್ಗುಲಿನಿಂದ ಒಂದು, ಹೀಗೆ ಎರಡು ಚಿತ್ರ ಬೇಕೆಂದು ವಿನಯದಿಂದಲೇ ಕೇಳಿ. ಗರ್ಭಕೋಶ, ಅಂಡಾಶಯಗಳ ಅನುಮಾನವಿದ್ದಾಗ ಸ್ಕ್ಯಾನಿಂಗ್ ಹೆಚ್ಚು ಹೇಳುತ್ತದೆ.

ಯಾವ ಔಷಧಗಳು ಗಿನಿಪಿಗ್‌ಗೆ ಅಪಾಯಕಾರಿ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಪೆನಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಇವುಗಳನ್ನು ಗಿನಿಪಿಗ್‌ಗೆ ಬಾಯಿಯ ಮೂಲಕ ಕೊಡಬಾರದು. ಹುಲ್ಲನ್ನು ಜೀರ್ಣಿಸುವ ಕೆಲಸವನ್ನು ಅದರ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಮಾಡುತ್ತವೆ. ಈ ಔಷಧಗಳು ಆ ಉಪಕಾರಿ ಜೀವಿಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಜಾತಿಯ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಲು ಜಾಗ ಮಾಡಿಕೊಡುತ್ತವೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ನಾಯಿಮರಿಗೆ ನಿತ್ಯ ಬರೆದುಕೊಡುವ ಗುಲಾಬಿ ಬಣ್ಣದ ಸಿರಪ್‌ಗಳಲ್ಲಿ, ಮಕ್ಕಳ ಜ್ವರಕ್ಕೆಂದು ತಂದು ಮನೆಯಲ್ಲಿ ಉಳಿದ ಬಾಟಲಿಗಳಲ್ಲಿ ಇವೇ ಇರುವುದರಿಂದ ಚೀಟಿಯ ಮೇಲಿನ ಹೆಸರಿಗಿಂತ ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದುವ ಅಭ್ಯಾಸ ಇರಲಿ.

ಸಾಮಾನ್ಯವಾಗಿ ಬಳಸುವವು ಎನ್ರೋಫ್ಲಾಕ್ಸಾಸಿನ್ ಮತ್ತು ಟ್ರೈಮೆಥೊಪ್ರಿಮ್-ಸಲ್ಫಾ. ನೋವಿಗೆ ಮೆಲಾಕ್ಸಿಕ್ಯಾಮ್ ಕೊಡುವುದು ವಾಡಿಕೆ. ಮೂತ್ರಪಿಂಡ ದುರ್ಬಲವಾಗಿದ್ದರೆ ವೈದ್ಯರು ಅದನ್ನು ಯೋಚಿಸಿ ಕೊಡುತ್ತಾರೆ. ಆ್ಯಂಟಿಬಯೋಟಿಕ್ ಬರೆದು ನೋವಿನ ಔಷಧ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ, ಏಕೆಂದರೆ ನೋವು ತಗ್ಗದೆ ಪ್ರಾಣಿ ಹುಲ್ಲಿಗೆ ಬಾಯಿ ಹಾಕುವುದಿಲ್ಲ.

ಬಾಳೆದಿಂಡಿನ ರಸ, ಬಾರ್ಲಿ ನೀರು, ಹುರುಳಿ ಕಟ್ಟು ಕೊಟ್ಟರೆ ಕಲ್ಲು ಕರಗುವುದಿಲ್ಲವೇ?

ಮನೆಯ ಹಿರಿಯರು ಪ್ರೀತಿಯಿಂದಲೇ ಇದನ್ನು ಹೇಳುತ್ತಾರೆ. ಆದರೆ ಮನುಷ್ಯರ ಮೂತ್ರಪಿಂಡದ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್‌ನದು, ಗಿನಿಪಿಗ್‌ನದು ಕಾರ್ಬೊನೇಟ್‌ನದು. ಕ್ಷಾರೀಯ ಮೂತ್ರದಲ್ಲಿ ಬೆಳೆದ ಈ ಕಲ್ಲನ್ನು ಕರಗಿಸುವ ಔಷಧ ಆಧುನಿಕ ಪಶುವೈದ್ಯದಲ್ಲೂ ಇಲ್ಲ. ಪೊಟ್ಯಾಸಿಯಂ ಸಿಟ್ರೇಟ್‌ನಂಥವನ್ನು ಕೆಲವು ವೈದ್ಯರು ಮತ್ತೆ ಕಲ್ಲಾಗದಿರಲೆಂದು ಬಳಸುತ್ತಾರೆಯೇ ಹೊರತು ಇರುವ ಕಲ್ಲನ್ನು ಕರಗಿಸಲೆಂದಲ್ಲ. ಹುರುಳಿ, ಬಾರ್ಲಿಗಳ ಪಿಷ್ಟ ಅದರ ಕರುಳಿಗೆ ಒಗ್ಗುವುದೂ ಇಲ್ಲ. ಕಾಡುಬಸಳೆಯನ್ನಂತೂ ಖಂಡಿತ ಕೊಡಬೇಡಿ. ಜನ ಕಲ್ಲಿಗೆಂದು ಅಗಿಯುವ ಆ ಎಲೆಯಲ್ಲಿ ಹೃದಯಕ್ಕೆ ವಿಷವಾಗುವ ಅಂಶಗಳಿವೆ, ಅದನ್ನು ಮೇಯ್ದ ದನಗಳು ಸತ್ತದ್ದಿದೆ. ಒಂದು ಕಿಲೋ ಆಸುಪಾಸಿನ ಜೀವದ ಮಾತೇನು!

ಶಸ್ತ್ರಚಿಕಿತ್ಸೆ ಮಾಡಿಸಬೇಕಾದರೆ ಏನು ನಿರೀಕ್ಷಿಸಬೇಕು?

ನಾಳದ ತುದಿಯಲ್ಲಿ ಕಲ್ಲಿದ್ದರೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ಯದೆ, ಇಕ್ಕುಳದಿಂದ ಹಿಡಿದು ತೆಗೆಯಲು ಕೆಲವೊಮ್ಮೆ ಸಾಧ್ಯ. ಮೂತ್ರಕೋಶದಲ್ಲಿದ್ದರೆ ಹೊಟ್ಟೆ ತೆರೆದು ತೆಗೆಯಬೇಕು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಸಣ್ಣ ನಾಳದಲ್ಲಿ ಸಿಕ್ಕಿದ ಕಲ್ಲು ಎಲ್ಲಕ್ಕಿಂತ ಕಷ್ಟದ್ದು. ಇಷ್ಟು ಚಿಕ್ಕ ಪ್ರಾಣಿಗೆ ಅರಿವಳಿಕೆ ಅಪಾಯದ್ದೇ. ಉಸಿರಿನ ಮೂಲಕ ಕೊಡುವ ಐಸೊಫ್ಲೂರೇನ್ ವ್ಯವಸ್ಥೆ, ಮೈ ಬೆಚ್ಚಗಿಡುವ ಹಾಸು, ಅನುಭವಿ ಕೈ ಇರುವೆಡೆ ಅಪಾಯ ಕಡಿಮೆಯಾಗುತ್ತದೆ. ತೆಗೆದ ಕಲ್ಲನ್ನು ಕೇಳಿ ಪಡೆದು, ಸಾಧ್ಯವಾದರೆ ಅದು ಯಾವ ಬಗೆಯದೆಂದು ಪರೀಕ್ಷೆಗೆ ಕೊಡಿ. ಎಲ್ಲ ಕಲ್ಲೂ ಹೊರಬಂದಿದೆಯೇ ಎಂದು ತಿಳಿಯಲು ಆಪರೇಷನ್ ಮುಗಿದ ಕೂಡಲೇ ಮತ್ತೊಂದು ಎಕ್ಸ್‌ರೇ ತೆಗೆಯುವುದು ಒಳ್ಳೆಯ ಕ್ರಮ.

ಮನೆಗೆ ಬಂದ ಮೇಲಿನ ಮೊದಲ ಮೂರು ದಿನಗಳೇ ನಿರ್ಣಾಯಕ. ಪೆಲೆಟ್‌ಗಳನ್ನು, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರವನ್ನು, ಬಿಸಿನೀರಿನಲ್ಲಿ ನೆನೆಸಿ ತೆಳ್ಳಗೆ ಕಲಸಿ, ಆರಿದ ಮೇಲೆ ಎರಡು ಮೂರು ಗಂಟೆಗೊಮ್ಮೆ ಸಿರಿಂಜಿನಿಂದ ಬಾಯಿಯ ಮಗ್ಗುಲಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ, ನುಂಗಲು ಸಮಯ ಕೊಡಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ತೂಗಿ, ಹಿಕ್ಕೆ ಎಷ್ಟು ಬಿದ್ದಿದೆ ಎಂದು ನೋಡಿ.

ಆಹಾರದಲ್ಲಿ ಏನು ಬದಲಿಸಬೇಕು?

ತಟ್ಟೆಯ ಬಹುಪಾಲು ಹುಲ್ಲೇ ಆಗಿರಬೇಕು. ಟಿಮೊಥಿ ಒಣಹುಲ್ಲು ದುಬಾರಿಯಾದರೆ ಔಷಧ ಸಿಂಪಡಿಸದ ಗರಿಕೆ ಹುಲ್ಲನ್ನು ತೊಳೆದು ಕೊಡಬಹುದು. ಅಂಗಡಿಯವರು ಸುಲಭಕ್ಕೆ ಕೊಡುವ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮರಿಗಳಿಗೂ ಗರ್ಭಿಣಿಗೂ ಸರಿ. ಬೆಳೆದ ಪ್ರಾಣಿಗೆ ನಿತ್ಯ ಬೇಡ, ಅದರಲ್ಲಿ ಟಿಮೊಥಿಗಿಂತ ಎರಡು ಮೂರು ಪಟ್ಟು ಕ್ಯಾಲ್ಸಿಯಂ ಇರುತ್ತದೆ. ಪೆಲೆಟ್ ಚೀಲದ ಹಿಂಭಾಗದಲ್ಲೂ ಮೊದಲ ಹೆಸರು ಲೂಸರ್ನ್ ಅಥವಾ ಆಲ್ಫಾಲ್ಫಾ ಆಗಿದೆಯೇ ನೋಡಿ.

ನಮ್ಮ ಸೊಪ್ಪುಗಳಲ್ಲಿ ನುಗ್ಗೆ, ಕರಿಬೇವು, ಅಗಸೆ ಮರದ ಸೊಪ್ಪು, ಹರಿವೆ, ದಂಟು ಇವುಗಳಲ್ಲಿ ಕ್ಯಾಲ್ಸಿಯಂ ಬಹಳ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಮೀರಿ ಇರುತ್ತದೆ. ಮನುಷ್ಯರಿಗೆ ಇದು ವರ, ಕಲ್ಲಿನ ಪ್ರವೃತ್ತಿಯುಳ್ಳ ಗಿನಿಪಿಗ್‌ಗೆ ಅಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು, ಅದೂ ಅಪರೂಪಕ್ಕೆ ಸಾಕು. ಕೊತ್ತಂಬರಿ ಸ್ವಲ್ಪ ಕೊಡಬಹುದು. ಸೌತೆಕಾಯಿ, ಲೆಟ್ಯೂಸ್, ದೊಣ್ಣೆ ಮೆಣಸಿನಕಾಯಿ ನಿತ್ಯಕ್ಕೆ ಒಳ್ಳೆಯವು. ದೊಣ್ಣೆ ಮೆಣಸಿನಕಾಯಿ ವಿಟಮಿನ್ ಸಿ ಗೂ ಆಗುತ್ತದೆ. ನಮ್ಮಂತೆಯೇ ಗಿನಿಪಿಗ್ ಕೂಡ ಅದನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು, ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಹಾಗೆಂದು ಕ್ಯಾಲ್ಸಿಯಂ ಅನ್ನು ಪೂರ್ತಿ ಕಿತ್ತುಹಾಕಲು ಹೊರಡುವುದೂ ತಪ್ಪು. ಮೂಳೆ ಹಲ್ಲುಗಳಿಗೆ ಅದು ಬೇಕೇ ಬೇಕು.

ನೀರಿನ ವಿಚಾರವೇನು?

ಹೆಚ್ಚು ನೀರು ಒಳಹೋದಷ್ಟೂ ಮೂತ್ರ ತೆಳ್ಳಗಾಗಿ ಹರಳುಗಳು ನಿಲ್ಲದೆ ಹರಿದುಹೋಗುತ್ತವೆ. ಬಾಟಲಿಯ ಕೊಳವೆಯ ಗುಂಡು ಕಚ್ಚಿಕೊಂಡು ನೀರು ಬರುತ್ತಿಲ್ಲವೆಂಬುದು ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಗೊತ್ತೇ ಆಗುವುದಿಲ್ಲ, ದಿನಾ ಬೆರಳಿಂದ ಒತ್ತಿ ನೋಡಿ. ಬಾಟಲಿಯ ಜೊತೆಗೆ ಮಗುಚದ ಭಾರದ ಪಿಂಗಾಣಿ ಬಟ್ಟಲನ್ನೂ ಇಡಿ. ಸೊಪ್ಪನ್ನು ತೊಳೆದು ಒರೆಸದೆ ಒದ್ದೆಯಾಗಿಯೇ ಕೊಡಿ. ಬೋರ್‌ವೆಲ್ ನೀರು ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸಾಗಿದ್ದರೆ ನೀವು ಕುಡಿಯುವ ಫಿಲ್ಟರ್ ನೀರನ್ನೇ ಅದಕ್ಕೂ ಹಾಕಿ.

ಇದು ಜೊತೆಗಾರ ಗಿನಿಪಿಗ್‌ಗೆ ಅಂಟುತ್ತದೆಯೇ?

ಕಲ್ಲು ಅಂಟುವುದಿಲ್ಲ. ಆದರೆ ಎರಡೂ ತಿನ್ನುವುದು ಒಂದೇ ಆಹಾರವನ್ನಾದ್ದರಿಂದ ಇನ್ನೊಂದರ ಮೂತ್ರದ ಮೇಲೂ ಕಣ್ಣಿಡಿ.

ಒಮ್ಮೆ ಗುಣವಾದ ಮೇಲೆ ಮತ್ತೆ ಬರುತ್ತದೆಯೇ?

ಬರುವುದು ಸಾಮಾನ್ಯ, ಮತ್ತು ಇದನ್ನು ಆಪರೇಷನ್‌ಗೆ ಒಪ್ಪುವ ಮೊದಲೇ ತಿಳಿದಿರಬೇಕು. ಎಲ್ಲ ಎಚ್ಚರ ವಹಿಸಿದ ಮನೆಗಳಲ್ಲೂ ಕಲ್ಲು ಮರಳುತ್ತದೆ, ಏಕೆಂದರೆ ಆಹಾರ ಒಂದು ಕಾರಣ ಮಾತ್ರ. ಪ್ರಾಣಿಯ ಹುಟ್ಟುಗುಣ, ವಯಸ್ಸು, ಬೊಜ್ಜು, ಓಡಾಟದ ಕೊರತೆ ಇವೂ ಸೇರುತ್ತವೆ. ಮೂರರಿಂದ ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿದರೆ ಕಲ್ಲು ಕಾಳಿನಷ್ಟಿರುವಾಗಲೇ ಸಿಗುತ್ತದೆ. ಆರು ವರ್ಷ ದಾಟಿದ, ಮೂತ್ರಪಿಂಡಗಳು ಸೋತ, ಎರಡನೆಯ ಬಾರಿ ಕಲ್ಲು ಕಟ್ಟಿದ ಪ್ರಾಣಿಗೆ ಮತ್ತೆ ಕತ್ತರಿ ಹಾಕಿಸದೆ ನೋವು ನಿವಾರಣೆಯಷ್ಟೇ ಸಾಕೆಂದೋ, ಅದೂ ಸಾಲದಾದಾಗ ದಯಾಮರಣವೆಂದೋ ನಿರ್ಧರಿಸುವವರನ್ನು ನಾನು ತಪ್ಪಿತಸ್ಥರೆನ್ನಲಾರೆ. ಆ ಮಾತನ್ನು ವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ, ಪ್ರಾಣಿ ಇನ್ನೂ ಹುಲ್ಲು ತಿನ್ನುತ್ತಿರುವಾಗಲೇ ಆಡಿಕೊಳ್ಳಿ.